ಸಮೋವಾ ದ್ವೀಪದವರ ಹಬ್ಬಗಳೂ ಅತಿಥಿಯ ಮರ್ಯಾದೆಗಳೂ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ ೧೬: ೯–೧೭, ಮಾರ್ಕ ೧೦: ೧೩–೧೬, ರೋಮಾಪುರದವರಿಗೆ ೧೪: ೫–೯.

ದೇವರು ಇಸ್ರಾಯೇಲ್ ಜನರಿಗೆ ಹಬ್ಬಗಳನ್ನು ನೇಮಿಸಿದಾಗ ಅವುಗಳ ದಿನವನ್ನೂ ಕಾಣಿಕೆಯನ್ನೂ ಮಾತ್ರ ತಿಳಿಸಲಿಲ್ಲ; ಹಬ್ಬದ ಪಂಕ್ತಿಯಲ್ಲಿ ಯಾರು ಯಾರು ಸಂತೋಷಪಡಬೇಕೆಂಬದನ್ನು ಸಹ ವಿವರವಾಗಿ ಹೇಳಿಸಿದನು. ಮನೆಯ ಮಕ್ಕಳು, ಆಳುಗಳು, ಊರಲ್ಲಿರುವ ಪರದೇಶಸ್ಥನು, ದಿಕ್ಕಿಲ್ಲದ ಮಗುವು, ವಿಧವೆ ಇವರೆಲ್ಲರೂ ಆ ಲೆಕ್ಕದಲ್ಲಿ ಸೇರಿದವರು. ಅದರ ಸಂಗಡ ಒಬ್ಬೊಬ್ಬನು ತನಗೆ ದೇವರು ಕೊಟ್ಟ ಆಶೀರ್ವಾದದ ಮೇರೆಗೆ ಕೊಡತಕ್ಕದ್ದೆಂಬ ವಿಧಿಯೂ ಉಂಟು. ಆದಕಾರಣ ಒಂದು ಜನಾಂಗದವರು ಹಬ್ಬವನ್ನು ಆಚರಿಸುವ ರೀತಿಯನ್ನು ನೋಡಿದರೆ ಅವರ ಮನೆಯಲ್ಲಿ ಯಾರಿಗೆ ಮಾನ ಉಂಟು, ಯಾರಿಗೆ ಇಲ್ಲ, ಯಾರ ಮೇಲೆ ಭಾರ ಬಿದ್ದದೆ ಎಂಬದು ತಿಳಿದುಬರುವದು.

ಈ ತಿಂಗಳ ಪಾಠದಲ್ಲಿ ಶಾಂತ ಮಹಾಸಾಗರದ ನಡುವೆ ಇರುವ ಸಮೋವಾ ಎಂಬ ದ್ವೀಪಗಳವರ ಹಬ್ಬದ ದಿನಗಳನ್ನೂ, ಅಲ್ಲಿಗೆ ಹೋಗುವ ಪ್ರಯಾಣಿಕನು ಅನುಸರಿಸಬೇಕಾದ ಮರ್ಯಾದೆಗಳನ್ನೂ ವಿಚಾರಿಸೋಣ. ನಮ್ಮ ವಾಚಕರಲ್ಲಿ ಅಷ್ಟು ದೂರ ಪ್ರಯಾಣಮಾಡುವವರು ಕೆಲವರೇ ಇರಬಹುದು. ಆದರೂ ಆ ಜನರು ನಮ್ಮ ಹಾಗೆಯೇ ಹಳ್ಳಿಗಳಲ್ಲಿ ವಾಸಿಸುವವರು, ನಮ್ಮ ಹಾಗೆಯೇ ಹಿರಿಯರಿಂದ ಬಂದ ಪದ್ಧತಿಗಳ ಮಧ್ಯದಲ್ಲಿ ಕರ್ತನ ಹೆಸರನ್ನು ಧರಿಸಿಕೊಂಡವರು. ಅವರ ನಡತೆಯಿಂದ ನಾವು ಕಲಿಯತಕ್ಕದ್ದೂ ಎಚ್ಚರಿಕೆ ತಂದುಕೊಳ್ಳತಕ್ಕದ್ದೂ ಉಂಟು.

೧. ದ್ವೀಪಗಳೂ ಸುವಾರ್ತೆಯ ಬರುವಿಕೆಯೂ

ಸಮೋವಾ ದೇಶವು ಹವಾಯಿ ದ್ವೀಪಗಳಿಗೂ ನ್ಯೂಜಿಲೆಂಡಿಗೂ ಸುಮಾರು ನಡುವೆ ಇದೆ. ಸವಾಯಿ, ಉಪೋಲು ಎಂಬವು ಅದರ ದೊಡ್ಡ ದ್ವೀಪಗಳು. ಇವುಗಳ ನಡುವೆ ಮನೋನೋ, ಅಪೋಲಿಮ ಎಂಬ ಚಿಕ್ಕ ದ್ವೀಪಗಳಲ್ಲಿಯೂ ಜನರಿದ್ದಾರೆ. ಮುಖ್ಯ ಪಟ್ಟಣವಾದ ಆಪಿಯಾ ಉಪೋಲುವಿನಲ್ಲಿರುವದು. ೨೦೨೧ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆ ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ ಆಗಿತ್ತು. ಪೂರ್ವದಿಕ್ಕಿನಲ್ಲಿ ಇದೇ ಜನಾಂಗದವರ ಬೇರೆ ಕೆಲವು ದ್ವೀಪಗಳು ಅಮೇರಿಕಾ ದೇಶದ ಅಧೀನದಲ್ಲಿವೆ. ಅವುಗಳಿಗೆ ಅಮೇರಿಕನ್ ಸಮೋವಾ ಎಂದು ಹೆಸರು. ಭಾಷೆಯೂ ಪದ್ಧತಿಯೂ ಎರಡರಲ್ಲಿ ಒಂದೇ. ಸರಕಾರ ಮಾತ್ರ ಬೇರೆ.

೧೮೩೦ನೆಯ ಆಗಸ್ಟ್ ತಿಂಗಳಲ್ಲಿ ಲಂಡನ್ ಮಿಶನ್ ಸಂಘದ ಜಾನ್ ವಿಲಿಯಮ್ಸ್, ಚಾರ್ಲ್ಸ್ ಬಾರ್ಫ್ ಎಂಬ ಬೋಧಕರು "ಸಮಾಧಾನದ ದೂತ" ಎಂಬರ್ಥದ ಹೆಸರುಳ್ಳ ಹಡಗಿನಲ್ಲಿ ಬಂದು, ಸವಾಯಿಯ ಸಪಪಾಲಿಯಿ ಎಂಬ ಊರಲ್ಲಿ ಇಳಿದರು. ಅವರ ಸಂಗಡ ಬೇರೆ ದ್ವೀಪಗಳ ಕ್ರೈಸ್ತ ಉಪದೇಶಿಗಳು ಇದ್ದರು. ಮಾಲಿಯೆತೋವಾ ವೈನುಪೋ ಎಂಬ ಪ್ರಬಲ ಮುಖಂಡನು ಅವರನ್ನು ಅಂಗೀಕರಿಸಿದನು. ಬೋಧಕರು ಕೆಲವು ದಿನಗಳಲ್ಲಿಯೇ ಹೊರಟುಹೋದರು. ಊರಲ್ಲಿ ನಿಂತು ಜನರಿಗೆ ಕಲಿಸಿದವರು ಆ ದ್ವೀಪವಾಸಿ ಉಪದೇಶಿಗಳೇ. ಇದೇ ಲಂಡನ್ ಮಿಶನಿನವರಾದ ಜಾನ್ ಹ್ಯಾಂಡ್ಸ್ ಎಂಬವರು ೧೮೧೦ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವದರಲ್ಲಿ ಪ್ರಯಾಸಪಟ್ಟರೆಂಬದನ್ನು ನಮ್ಮ ವಾಚಕರು ಬಲ್ಲರು. ಹೀಗೆ ಆ ದ್ವೀಪದ ಸಭೆಗಳೂ ಬಳ್ಳಾರಿ ಸೀಮೆಯ ಸಭೆಗಳೂ ಒಂದೇ ಸಂಘದವರು ಬಿತ್ತಿದ ಬೀಜದ ಫಲವಾಗಿವೆ.

ಆ ಮೊದಲನೆಯ ದಿನಗಳ ಒಂದು ಸಂಗತಿಯು ಈ ಪಾಠಕ್ಕೆ ಮುಖ್ಯವಾದದ್ದು. ಟೋಂಗಾ ದ್ವೀಪದಿಂದ ವಿಲಿಯಮ್ಸರ ಹಡಗಿನಲ್ಲಿ ತನ್ನ ದೇಶಕ್ಕೆ ಹಿಂದಿರುಗಿದ ಫೌವೆಯಾ ಎಂಬ ಸಮೋವಾ ಮುಖಂಡನೊಬ್ಬನು ಇದ್ದನು. ತನ್ನ ಜನರ ದೋಣಿಯ ಪಂದ್ಯ, ಕುಣಿತ ಮುಂತಾದ ವಿನೋದಗಳನ್ನು ಮೊದಲನೆಯ ದಿನವೇ ಖಂಡಿಸಬಾರದೆಂದು ಉಪದೇಶಿಗಳಿಗೆ ಹೇಳಬೇಕೆಂದು ಅವನು ಬೋಧಕರನ್ನು ಬೇಡಿಕೊಂಡನು. ಮೊದಲು ದೇವರ ವಾಕ್ಯವನ್ನು ಶ್ರದ್ಧೆಯಿಂದ ಕಲಿಸಿರಿ; ವಾಕ್ಯವು ಹೃದಯದಲ್ಲಿ ಬೇರೂರಿದ ಮೇಲೆ ಜನರು ಕೆಟ್ಟದ್ದನ್ನು ತಾವೇ ಬಿಟ್ಟುಬಿಡುವರು ಎಂಬದೇ ಅವನ ಆಲೋಚನೆಯ ಸಾರವು. ವಿಲಿಯಮ್ಸರು ಈ ಆಲೋಚನೆಯನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟರು. ಈಗ ಸಮೋವಾದ ಹಬ್ಬಗಳನ್ನು ನೋಡುವವನಿಗೆ ಅದರ ಫಲವು ಕಣ್ಣಿಗೆ ಕಾಣುತ್ತದೆ. ದೋಣಿಯ ಪಂದ್ಯವು ಇನ್ನೂ ಉಂಟು, ಹಾಡೂ ಕುಣಿತವೂ ಉಂಟು. ಆದರೆ ವರುಷದ ದೊಡ್ಡ ದಿನಗಳು ಪ್ರಾರ್ಥನೆಯಿಂದ ಆರಂಭವಾಗುತ್ತವೆ.

೧೮೪೪ರಲ್ಲಿ ಮಾಲುವಾ ಎಂಬಲ್ಲಿ ಉಪದೇಶಿಗಳನ್ನು ಸಿದ್ಧಮಾಡುವ ಪಾಠಶಾಲೆಯು ಸ್ಥಾಪಿಸಲ್ಪಟ್ಟಿತು. ೧೮೫೫ರಲ್ಲಿ ಇಡೀ ಸತ್ಯವೇದವು ಸಮೋವಾ ಭಾಷೆಯಲ್ಲಿ ದೊರಕಿತು. ಆ ಶಾಲೆಯಲ್ಲಿ ಕಲಿತ ಅನೇಕರು ತುವಾಲು, ತೋಕೆಲಾವು, ಪಪುವಾ ಮುಂತಾದ ದೂರದ ಸ್ಥಳಗಳಿಗೆ ಸುವಾರ್ತಿಕರಾಗಿ ಹೋದರು. ವಿಲಿಯಮ್ಸರಾದರೋ ೧೮೩೯ರಲ್ಲಿ ಎರೊಮಾಂಗ ಎಂಬ ದ್ವೀಪದಲ್ಲಿ ಕೊಲ್ಲಲ್ಪಟ್ಟರು.

೨. ವಾರಕ್ಕೊಂದು ಹಬ್ಬ, ದಿನಕ್ಕೊಂದು ಗಳಿಗೆ

ಸಮೋವಾದವರ ಮೊದಲನೆಯ ಹಬ್ಬವು ಆದಿತ್ಯವಾರವೇ. ಆ ದಿನ ಬೆಳಗಾಗುವದಕ್ಕೆ ಮುಂಚೆಯೇ ಯೌವನಸ್ಥರು ಎದ್ದು ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಉಮು ಎಂಬ ಒಲೆಯಲ್ಲಿ ಅಡಿಗೆಯನ್ನು ಇಡುತ್ತಾರೆ. ಕೆಸವಿನ ಗೆಡ್ಡೆ, ದೀವಿಹಲಸು, ಮೀನು, ಹಂದಿಯ ಮಾಂಸ, ತೆಂಗಿನಹಾಲನ್ನು ಒಳಗಿಟ್ಟು ಮಡಿಸಿದ ಕೆಸವಿನ ಎಳೆ ಎಲೆ, ಇವುಗಳನ್ನು ಬಿಸಿಕಲ್ಲುಗಳ ಮೇಲೆ ಇಟ್ಟು ಬಾಳೆಯ ಎಲೆ ಮುಂತಾದವುಗಳಿಂದ ಮುಚ್ಚಿಬಿಡುವರು. ನಮ್ಮ ಕರಾವಳಿಯವರಿಗೂ ಮಲೆನಾಡಿನವರಿಗೂ ಈ ಪದಾರ್ಥಗಳಲ್ಲಿ ಅನೇಕವು ಪರಿಚಿತವೇ. ಅಡಿಗೆ ಬೇಯುತ್ತಿರುವಾಗ ಜನರು ಬಿಳೀ ಬಟ್ಟೆಯನ್ನು ಉಟ್ಟುಕೊಂಡು ದೇವಾಲಯಕ್ಕೆ ಹೋಗುವರು. ಹಿಂದಿರುಗಿ ಬಂದ ಮೇಲೆ ಬಂಧುಗಳೆಲ್ಲರೂ ಕೂಡಿ ಊಟಮಾಡುವರು. ಈ ಊಟಕ್ಕೆ ತೋವೊನಾಯಿ ಎಂದು ಹೆಸರು. ಮಧ್ಯಾಹ್ನವು ವಿಶ್ರಾಂತಿಗೆ ಮೀಸಲು. ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಅನೇಕ ಹಳ್ಳಿಗಳಲ್ಲಿ ಆ ದಿನ ಸಮುದ್ರದಲ್ಲಿ ಈಜುವದಕ್ಕೂ ಅಪ್ಪಣೆಯಿಲ್ಲ.

ಇದಲ್ಲದೆ ಅನೇಕ ಹಳ್ಳಿಗಳಲ್ಲಿ ದಿನಾಲು ಸಂಜೆ ಒಂದು ಗಳಿಗೆಯನ್ನು ಪ್ರಾರ್ಥನೆಗೋಸ್ಕರ ಬೇರ್ಪಡಿಸಿದ್ದಾರೆ. ಇದಕ್ಕೆ ಸಾ ಎಂದು ಹೆಸರು. ಆ ಮಾತಿಗೆ ಪರಿಶುದ್ಧವಾದದ್ದು, ಮುಟ್ಟಬಾರದ್ದು ಎಂಬ ಅರ್ಥ ಉಂಟು. ಸೂರ್ಯಾಸ್ತಮಾನದ ಹೊತ್ತಿಗೆ ಗಂಟೆಯನ್ನು ಬಾರಿಸಿಯಾಗಲಿ ಶಂಖವನ್ನು ಊದಿಯಾಗಲಿ ತಿಳಿಸುವರು. ಒಂದೊಂದು ಮನೆಯವರು ಒಳಗೆ ಕೂಡಿ ಹಾಡನ್ನು ಹಾಡಿ, ವೇದವನ್ನು ಓದಿ, ಪ್ರಾರ್ಥನೆಮಾಡುವರು. ಹಳ್ಳಿಯ ಯೌವನಸ್ಥರು ದಾರಿಯ ಮಗ್ಗುಲಲ್ಲಿ ನಿಂತು ಯಾರೂ ತಿರುಗಾಡದಂತೆ ನೋಡಿಕೊಳ್ಳುವರು. ಹತ್ತಿಪ್ಪತ್ತು ನಿಮಿಷಗಳ ಮೇಲೆ ಮತ್ತೊಂದು ಗಂಟೆಯು ಮುಗಿಯಿತೆಂಬದಕ್ಕೆ ಗುರುತು. ಪ್ರಯಾಣಿಕನು ಆ ಹೊತ್ತಿನಲ್ಲಿ ಹಳ್ಳಿಯನ್ನು ಪ್ರವೇಶಿಸಬಾರದು. ಒಳಗೇ ಇದ್ದರೆ ಇದ್ದಲ್ಲಿಯೇ ಸುಮ್ಮನೆ ಕೂತುಕೊಳ್ಳತಕ್ಕದ್ದು.

೩. ವರುಷದ ಹಬ್ಬದ ದಿನಗಳು

ಸರಕಾರದವರು ರಜೆಯೆಂದು ನೇಮಿಸಿದ ದಿನಗಳಲ್ಲಿ ಹೆಚ್ಚಿನವು ಸಭೆಯ ಹಬ್ಬಗಳಾಗಿರುವವು. ಅವುಗಳ ಕ್ರಮ ಹೀಗಿದೆ.

ಜನವರಿ ೧ನೇ ತಾರೀಖು ಹೊಸ ವರುಷದ ದಿನ, ಮರುದಿನವೂ ರಜೆಯೇ. ಕರ್ತನ ಶ್ರಮೆಯ ಕಾಲದಲ್ಲಿ ಶುಭ ಶುಕ್ರವಾರ, ಅದರ ಮರುದಿನದ ಶನಿವಾರ, ಪುನರುತ್ಥಾನದ ಹಬ್ಬದ ಸೋಮವಾರ, ಇವು ಮೂರೂ ರಜೆಗಳು. ಮೇ ತಿಂಗಳ ಎರಡನೆಯ ಆದಿತ್ಯವಾರ ತಾಯಂದಿರನ್ನು ಸನ್ಮಾನಿಸಿ ಮರುದಿನದ ಸೋಮವಾರ ರಜೆಯನ್ನು ಕೊಡುವರು. ಆಗ ಹಳ್ಳಿಗಳ ಸ್ತ್ರೀಯರ ಸಂಘದವರು ಹಾಡಿ ಆಡಿ ಸಂತೋಷಪಡುವರು. ಆಗಸ್ಟ್ ತಿಂಗಳ ಎರಡನೆಯ ಸೋಮವಾರ ತಂದೆಗಳ ಹೆಸರಿನಲ್ಲಿ ಇಂಥದೇ ರಜೆ. ಜೂನ್ ೧ನೇ ತಾರೀಖು ಸ್ವಾತಂತ್ರ್ಯದ ದಿನ. ಅಕ್ಟೋಬರ್ ತಿಂಗಳ ಎರಡನೆಯ ಆದಿತ್ಯವಾರ ಮಕ್ಕಳ ಹಬ್ಬ, ಮರುದಿನ ರಜೆ. ದಶಂಬರ ೨೫ರಲ್ಲಿ ಕ್ರಿಸ್ತಜನನದ ಹಬ್ಬ, ೨೬ರಲ್ಲಿಯೂ ರಜೆಯುಂಟು. ಆ ದೇಶವು ಭೂಮಧ್ಯರೇಖೆಯ ದಕ್ಷಿಣಕ್ಕೆ ಇರುವದರಿಂದ ಕ್ರಿಸ್ತಜನನದ ಹಬ್ಬವು ಸೆಕೆಯೂ ಮಳೆಯೂ ಇರುವ ಕಾಲದಲ್ಲಿ ಬರುತ್ತದೆ. ನ್ಯೂಜಿಲೆಂಡ್, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ಕೂಲಿಗೂ ಕೆಲಸಕ್ಕೂ ನೆಲಸಿರುವ ಅನೇಕ ಬಂಧುಗಳು ಆಗ ಊರಿಗೆ ಬರುವರು.

ಅಮೇರಿಕನ್ ಸಮೋವಾದಲ್ಲಿಯಾದರೋ ಏಪ್ರಿಲ್ ೧೭ನೇ ತಾರೀಖು ಮುಖ್ಯವಾದ ದಿನ. ೧೯೦೦ರಲ್ಲಿ ಅದೇ ತಾರೀಖಿನಲ್ಲಿ ಅಲ್ಲಿ ಅಮೇರಿಕದ ಧ್ವಜವು ಏರಿಸಲ್ಪಟ್ಟಿತು.

ಸಭೆಗೆ ಸಂಬಂಧಪಡದ ಉತ್ಸವಗಳೂ ಉಂಟು. ೧೯೯೧ರಿಂದ ಆಪಿಯಾ ಪಟ್ಟಣದಲ್ಲಿ ತೇವುಯಿಲಾ ಎಂಬ ಉತ್ಸವವು ನಡೆಯುತ್ತಾ ಬಂದದೆ. ತೇವುಯಿಲಾ ಅಂದರೆ ಶುಂಠಿಯ ಜಾತಿಯ ಒಂದು ಕೆಂಪು ಹೂವು. ನಾಲ್ವತ್ತಕ್ಕೂ ಹೆಚ್ಚು ಮಂದಿ ಹುಟ್ಟುಹಾಕುವ ಫೌತಾಸಿ ಎಂಬ ಉದ್ದವಾದ ದೋಣಿಗಳ ಪಂದ್ಯವನ್ನು ನೋಡುವದಕ್ಕೆ ಇಂಥ ಉತ್ಸವಗಳಲ್ಲಿ ಜನರು ದಡದ ಮೇಲೆ ಗುಂಪುಗುಂಪಾಗಿ ಕೂಡುವರು. ಅಕ್ಟೋಬರ್, ನವಂಬರ್ ತಿಂಗಳುಗಳಲ್ಲಿ ಹುಣ್ಣಿಮೆಯಾದ ಸುಮಾರು ಒಂದು ವಾರದ ಮೇಲೆ, ಪಲೋಲೋ ಎಂಬ ಸಮುದ್ರದ ಹುಳಗಳು ಹವಳದ ಬಂಡೆಗಳಿಂದ ಮೇಲಕ್ಕೆ ಏಳುತ್ತವೆ. ಮುಂಜಾನೆಯ ಕತ್ತಲಲ್ಲಿ ಹೆಂಗಸರು ಗಂಡಸರು ಮಕ್ಕಳು ದೀಪಗಳನ್ನೂ ಬಲೆಗಳನ್ನೂ ಹಿಡಿದು ನೀರಿಗೆ ಇಳಿದು ಅವುಗಳನ್ನು ಸಂಗ್ರಹಿಸಿ ಬಹು ರುಚಿಯಾದ ಆಹಾರವೆಂದು ತಿನ್ನುವರು.

ದಿನಗಳ ವಿಷಯದಲ್ಲಿ ಸಮೋವಾದಲ್ಲಿ ನಡೆದ ಒಂದು ವಿಚಿತ್ರ ಸಂಗತಿಯನ್ನೂ ಹೇಳಬೇಕು. ಭೂಮಿಯು ಗುಂಡಾಗಿರುವದರಿಂದ ಎಲ್ಲಿಯಾದರೂ ಒಂದು ಕಡೆ ದಿನವು ಬದಲಾಗುವ ಗೆರೆಯನ್ನು ಎಳೆಯಲೇಬೇಕು. ಆ ಗೆರೆಯು ಸಮೋವಾದ ಹತ್ತಿರ ಹಾದುಹೋಗುತ್ತದೆ. ೧೮೯೨ರಲ್ಲಿ ಅಮೇರಿಕದ ವ್ಯಾಪಾರಕ್ಕೆ ಅನುಕೂಲವಾಗುವಂತೆ ಸಮೋವಾದವರು ಜುಲಾಯಿ ೪ನೇ ತಾರೀಖನ್ನು ಎರಡು ಸಾರಿ ಲೆಕ್ಕಿಸಿ ಗೆರೆಯ ಪೂರ್ವಕ್ಕೆ ಸೇರಿದರು. ೨೦೧೧ರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯ ದೇಶಗಳ ವ್ಯಾಪಾರವೇ ಮುಖ್ಯವಾದ್ದರಿಂದ ಪುನಃ ಪಶ್ಚಿಮಕ್ಕೆ ಸೇರಿದರು. ಆ ವರುಷ ದಶಂಬರ ೨೯ನೇ ಗುರುವಾರ ಮಲಗಿದವರು ೩೧ನೇ ಶನಿವಾರ ಎದ್ದರು. ೩೦ನೇ ಶುಕ್ರವಾರವು ಅವರ ಪಂಚಾಂಗದಲ್ಲಿ ಇಲ್ಲವೇ ಇಲ್ಲ. ಅಮೇರಿಕನ್ ಸಮೋವಾದವರು ಬದಲಾಗದೆ ಉಳಿದುಕೊಂಡರು. ಹೀಗಿರಲಾಗಿ ಆಪಿಯಾದಲ್ಲಿ ಆದಿತ್ಯವಾರ ಬೆಳಿಗ್ಗೆ ಆರು ಗಂಟೆಯಾದಾಗ ನಮ್ಮ ದೇಶದಲ್ಲಿ ಶನಿವಾರ ರಾತ್ರಿ ಹತ್ತೂವರೆ ಗಂಟೆ. ನೆರೆಯ ಅಮೇರಿಕನ್ ಸಮೋವಾದಲ್ಲಿ ಇನ್ನೂ ಶನಿವಾರ ಬೆಳಿಗ್ಗೆ ಆರು ಗಂಟೆ.

ಏಳನೆಯ ದಿನವನ್ನೇ ಆಚರಿಸುವ ಸಭೆಯವರಲ್ಲಿ ಇದರಿಂದ ದೊಡ್ಡ ಪ್ರಶ್ನೆ ಎದ್ದಿತು. ಕೆಲವರು ಹಿಂದಿನ ಲೆಕ್ಕದ ಮೇರೆಗೆ ಈಗ ಆದಿತ್ಯವಾರವೆನ್ನಿಸಿಕೊಳ್ಳುವ ದಿನದಲ್ಲಿ ಕೂಡಿದರು. ಬೇರೆ ಕೆಲವರು ಹೆಸರಿನ ಪ್ರಕಾರ ಶನಿವಾರವನ್ನೇ ಹಿಡಿದರು. ದಿನಗಳ ವಿಷಯದಲ್ಲಿ ಒಬ್ಬೊಬ್ಬನು ತನ್ನ ಮನಸ್ಸಿನಲ್ಲಿ ನಿಶ್ಚಯವುಳ್ಳವನಾಗಿರಲಿ, ಆಚರಿಸುವವನು ಕರ್ತನಿಗಾಗಿಯೇ ಆಚರಿಸಲಿ ಎಂಬ ಅರ್ಥವುಳ್ಳ ಅಪೊಸ್ತಲನ ಬುದ್ಧಿಮಾತು ಇಂಥ ಸಮಯಕ್ಕೆ ಎಷ್ಟೋ ಹೊಂದಿಕೆಯಾದದ್ದು. ಹಗಲಿನ ಹೆಸರನ್ನು ಸರಕಾರವು ಒಂದೇ ರಾತ್ರಿಯಲ್ಲಿ ಬದಲಾಯಿಸಬಹುದು; ಕರ್ತನಿಗೆ ಒಪ್ಪಿಸಿದ ಹೃದಯಕ್ಕೆ ಅದರಿಂದ ನಷ್ಟವಿಲ್ಲ.

೪. ಮಕ್ಕಳ ಬಿಳೀ ಆದಿತ್ಯವಾರ

ಸಮೋವಾದ ಹಬ್ಬಗಳಲ್ಲೆಲ್ಲಾ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವದು ಅಕ್ಟೋಬರ್ ತಿಂಗಳ ಮಕ್ಕಳ ಹಬ್ಬವೇ. ಇದನ್ನು ಲೋತು ತಮಾಯಿತಿ, ಅಂದರೆ ಮಕ್ಕಳ ಆರಾಧನೆ, ಎಂದು ಕರೆಯುವರು. ಮಕ್ಕಳು ಬಿಳೀ ಬಟ್ಟೆಯನ್ನು ಧರಿಸುವದರಿಂದ ಬಿಳೀ ಆದಿತ್ಯವಾರ ಎಂಬ ಹೆಸರೂ ಉಂಟು. ಅನೇಕ ವಾರಗಳ ಮುಂಚಿನಿಂದ ಮಕ್ಕಳು ವೇದವಚನಗಳನ್ನು ಬಾಯಿಪಾಠಮಾಡುವರು. ಹಾಡುಗಳನ್ನೂ ವೇದದ ಕಥೆಗಳನ್ನು ಆಡಿ ತೋರಿಸುವದನ್ನೂ ಅಭ್ಯಾಸಮಾಡುವರು. ಹಬ್ಬದ ದಿನ ದೇವಾಲಯದಲ್ಲಿ ಮಾತನಾಡುವವರು ಅವರೇ. ಹಿರಿಯರು ಕೂತು ಕೇಳುವರು. ಇನ್ನೂ ಸ್ಪಷ್ಟವಾಗಿ ಮಾತು ಬಾರದ ಮಗುವು ಸಹ ಮುಂದೆ ಬಂದು ಒಂದು ಚಿಕ್ಕ ವಚನವನ್ನು ಹೇಳುವದುಂಟು.

ಈ ದಿನದ ಊಟದಲ್ಲಿ ಒಂದು ವಿಶೇಷವಿದೆ. ಸಮೋವಾದ ಮನೆಗಳಲ್ಲಿ ಮಕ್ಕಳೂ ಯೌವನಸ್ಥರೂ ಹಿರಿಯರಿಗೂ ಅತಿಥಿಗಳಿಗೂ ಬಡಿಸಿ, ಅವರು ಉಂಡ ಮೇಲೆ ತಾವು ಉಣ್ಣುವದು ವಾಡಿಕೆ. ಬಿಳೀ ಆದಿತ್ಯವಾರದಲ್ಲಿ ಈ ಕ್ರಮವು ತಲೆಕೆಳಗಾಗುತ್ತದೆ. ಮಕ್ಕಳನ್ನು ಮೊದಲು ಕೂಡ್ರಿಸಿ ತಂದೆತಾಯಿಗಳೂ ಅಜ್ಜ ಅಜ್ಜಿಯರೂ ಅವರಿಗೆ ಬಡಿಸುವರು. ಮಕ್ಕಳು ತೃಪ್ತರಾದ ಮೇಲೆಯೇ ದೊಡ್ಡವರ ಊಟ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಕರ್ತನು ಬೇಸರಗೊಂಡದ್ದನ್ನೂ, ಆತನು ಅವರನ್ನು ಅಪ್ಪಿಕೊಂಡು ಆಶೀರ್ವದಿಸಿದ್ದನ್ನೂ ಓದಿದ ಜನರು ಆ ಪಾಠವನ್ನು ವರುಷಕ್ಕೊಮ್ಮೆ ತಮ್ಮ ಊಟದ ಚಾಪೆಯ ಮೇಲೆ ಮಾಡಿ ತೋರಿಸುತ್ತಾರೆ.

ಆದರೆ ಒಂದು ದಿನದ ಮಾನ ಸಾಲದು. ಇದಕ್ಕೆ ಸಮೋವಾದ ಇತ್ತೀಚಿನ ದುಃಖವೇ ಸಾಕ್ಷಿ. ೨೦೧೮ರ ಜುಲಾಯಿ ತಿಂಗಳಲ್ಲಿ ಸವಾಯಿ ದ್ವೀಪದಲ್ಲಿ ದಡಾರದ ಲಸಿಕೆಯ ಪುಡಿಗೆ ನೀರಿನ ಬದಲಾಗಿ ತಪ್ಪಾಗಿ ಬೇರೊಂದು ಔಷಧವನ್ನು ಬೆರೆಸಿ ಚುಚ್ಚಿದ್ದರಿಂದ ಎರಡು ಕೂಸುಗಳು ಸತ್ತವು. ಲಸಿಕೆಯು ತಪ್ಪಲ್ಲ, ಬೆರೆಸಿದ ಕೈಯ ತಪ್ಪು; ಆದರೂ ಲಸಿಕೆಯ ಕೆಲಸವು ಕೆಲವು ತಿಂಗಳು ನಿಂತಿತು, ಜನರ ಮನಸ್ಸಿನಲ್ಲಿ ಭಯವು ಹೊಕ್ಕಿತು, ಬಹು ಮಂದಿ ಮಕ್ಕಳು ಲಸಿಕೆಯಿಲ್ಲದೆ ಉಳಿದರು. ಮರುವರುಷ, ೨೦೧೯ರ ಅಕ್ಟೋಬರ್ ತಿಂಗಳಲ್ಲಿ, ದಡಾರವು ವ್ಯಾಧಿಯಾಗಿ ಹಬ್ಬಿದೆಯೆಂದು ಸರಕಾರವು ಪ್ರಕಟಿಸಿತು. ಬಿಳೀ ಬಟ್ಟೆಯುಟ್ಟು ಮಕ್ಕಳು ಹಾಡಿದ ಅದೇ ತಿಂಗಳು ಅದು. ೮೩ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಐದು ವರುಷದೊಳಗಿನ ಮಕ್ಕಳು. ಶಾಲೆಗಳು ಮುಚ್ಚಲ್ಪಟ್ಟವು. ದಶಂಬರ ೫ ಮತ್ತು ೬ರಲ್ಲಿ ಸರಕಾರದ ಕಚೇರಿಗಳನ್ನೂ ವ್ಯಾಪಾರವನ್ನೂ ನಿಲ್ಲಿಸಿ, ಲಸಿಕೆ ಹಾಕುವವರು ಮನೆಯಿಂದ ಮನೆಗೆ ಹೋದರು. ಲಸಿಕೆ ಬೇಕಾದವರಿದ್ದ ಮನೆಯ ಮುಂದೆ ಕೆಂಪು ಬಟ್ಟೆಯನ್ನು ಗುರುತಾಗಿ ಕಟ್ಟಿದರು. ಹೀಗೆ ಜನರು ಕೂಡಿ ಕೆಲಸಮಾಡಿದ್ದರಿಂದ ವ್ಯಾಧಿಯು ಆ ತಿಂಗಳ ಅಂತ್ಯದೊಳಗೆ ಅಡಗುತ್ತಾ ಬಂತು.

ತಂದೆತಾಯಿಗಳೇ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಹಬ್ಬದಲ್ಲಿ ಮಗುವಿಗೆ ಹೊಸ ಅಂಗಿಯನ್ನು ತೊಡಿಸುವದು ಪ್ರೀತಿಯೇ ಸರಿ; ತಕ್ಕ ಕಾಲದಲ್ಲಿ ಲಸಿಕೆಗೆ ಕರೆದುಕೊಂಡು ಹೋಗುವದು, ಶಾಲೆಯನ್ನು ಬಿಡಿಸದೆ ಇರುವದು, ಗಂಡು ಹೆಣ್ಣೆಂಬ ಭೇದವಿಲ್ಲದೆ ಹೊಟ್ಟೆತುಂಬ ಉಣಿಸುವದು, ಇವು ಅದಕ್ಕಿಂತ ದೊಡ್ಡ ಪ್ರೀತಿ. ಒಂದು ಊರಲ್ಲಿ ಕೇಳಿಬಂದ ಭಯದ ಸುದ್ದಿಯನ್ನು ವಿಚಾರಿಸದೆ ನಂಬುವದರಿಂದ ಎಷ್ಟು ತೊಟ್ಟಲುಗಳು ಬರಿದಾಗುವವೆಂಬದನ್ನು ಆ ದ್ವೀಪದವರು ಕಣ್ಣೀರಿನಿಂದ ಕಲಿತರು.

೫. ಸ್ವಾತಂತ್ರ್ಯದ ದಿನವೂ ಕ್ಷಮೆಯ ಪದ್ಧತಿಯೂ

ಜೂನ್ ೧ನೇ ತಾರೀಖಿನಲ್ಲಿ ಆಪಿಯಾದ ಹತ್ತಿರ ಮುಲಿನುವು ಎಂಬ ಸ್ಥಳದಲ್ಲಿ ಧ್ವಜವನ್ನು ಏರಿಸಿ, ದೇವರಿಗೆ ಸ್ತೋತ್ರಮಾಡಿ, ಶಾಲೆಯ ಮಕ್ಕಳೂ ಹಳ್ಳಿಗಳವರೂ ಸಾಲುಸಾಲಾಗಿ ನಡೆಯುವದು ವಾಡಿಕೆ. ದೇಶವು ಸ್ವತಂತ್ರವಾದದ್ದು ೧೯೬೨ನೇ ಜನವರಿ ೧ರಲ್ಲಿ. ಉತ್ಸವವನ್ನು ಮಾತ್ರ ಮಳೆ ಕಡಿಮೆಯಾದ ಜೂನ್ ತಿಂಗಳಲ್ಲಿ ನಡಿಸುವರು. ದೇಶದ ಮುದ್ರೆಯ ಮೇಲೆ ಸಮೋವಾವು ದೇವರ ಮೇಲೆ ಸ್ಥಾಪಿತವಾಗಿದೆ ಎಂಬ ಅರ್ಥದ ಮಾತುಗಳು ಬರೆಯಲ್ಪಟ್ಟಿವೆ.

ಈ ಸ್ವಾತಂತ್ರ್ಯದ ಹಿಂದೆ ಬಹು ಶ್ರಮೆಯಿತ್ತು. ೧೯೦೦ರಿಂದ ದ್ವೀಪಗಳು ಜರ್ಮನರ ಕೈಯಲ್ಲಿದ್ದವು. ೧೯೧೪ರಲ್ಲಿ ನ್ಯೂಜಿಲೆಂಡಿನವರು ಹಿಡಿದುಕೊಂಡರು. ೧೯೧೮ನೇ ನವಂಬರ್ ೭ರಲ್ಲಿ ಆಕ್ಲೆಂಡಿನಿಂದ ಬಂದ ತಲೂನೆ ಎಂಬ ಹಡಗನ್ನು ಪ್ರತ್ಯೇಕವಾಗಿ ನಿಲ್ಲಿಸದೆ ಜನರನ್ನು ಇಳಿಯಗೊಟ್ಟದ್ದರಿಂದ ವಿಷಮಶೀತಜ್ವರವು ಹಬ್ಬಿ ಸುಮಾರು ೮,೫೦೦ ಮಂದಿ, ಅಂದರೆ ಜನರಲ್ಲಿ ಐದರಲ್ಲಿ ಒಂದು ಪಾಲು, ಸತ್ತರು. ಅದೇ ಕಾಲದಲ್ಲಿ ಹಡಗುಗಳನ್ನು ತಡೆದ ಅಮೇರಿಕನ್ ಸಮೋವಾದಲ್ಲಿ ಒಬ್ಬನಾದರೂ ಆ ರೋಗದಿಂದ ಸಾಯಲಿಲ್ಲ. ಇದಾದ ಮೇಲೆ ಜನರು ಮಾವು ಎಂಬ ಸಂಘವನ್ನು ಕಟ್ಟಿ ಆಯುಧವಿಲ್ಲದೆ ಸ್ವಾತಂತ್ರ್ಯವನ್ನು ಬೇಡಿದರು. ೧೯೨೯ನೇ ದಶಂಬರ ೨೮ರಲ್ಲಿ ಆಪಿಯಾದ ಬೀದಿಯಲ್ಲಿ ಅವರ ಮೆರವಣಿಗೆಯ ಮೇಲೆ ಪೊಲೀಸರು ಗುಂಡುಹಾರಿಸಿದರು. ಸಮಾಧಾನದಿಂದಿರಿ ಎಂದು ತನ್ನ ಜನರನ್ನು ಕೂಗಿ ತಡೆಯುತ್ತಿದ್ದ ಮುಖಂಡನಾದ ತುಪುವಾ ತಮಸೇಸೆ ಲೇಲೊಫಿ ಎಂಬವನು ಗುಂಡುತಾಕಿ ಮರುದಿನ ಸತ್ತನು. ಬೇರೆ ಹಲವರೂ ಸತ್ತರು. ತನ್ನ ರಕ್ತಕ್ಕೆ ಮುಯ್ಯಿತೀರಿಸಬೇಡಿರೆಂಬದೇ ಸಾಯುವಾಗ ಅವನು ಜನರಿಗೆ ಕೊಟ್ಟ ಆಜ್ಞೆಯು.

ಸಮೋವಾದವರಲ್ಲಿ ಇಫೋಗಾ ಎಂಬ ಒಂದು ಹಳೇ ಪದ್ಧತಿಯುಂಟು. ಒಬ್ಬನು ಮತ್ತೊಬ್ಬನನ್ನು ಹೊಡೆದು ಕೊಂದರೆ, ಅಪರಾಧಿಯ ಕುಟುಂಬದ ಮುಖಂಡನು ಬೆಳಗಾಗುವ ಮುಂಚೆ ನೊಂದವರ ಮನೆಯ ಮುಂದೆ ಹೋಗಿ, ನಯವಾಗಿ ಹೆಣೆದ ಬೆಲೆಯುಳ್ಳ ಚಾಪೆಯನ್ನು ತಲೆಯ ಮೇಲೆ ಹೊದ್ದುಕೊಂಡು ನೆಲದಲ್ಲಿ ತಗ್ಗಿ ಕೂತುಕೊಳ್ಳುವನು. ಬಿಸಿಲಾದರೂ ಮಳೆಯಾದರೂ ಏಳುವದಿಲ್ಲ. ಮನೆಯವರು ಹೊರಗೆ ಬಂದು ಆ ಚಾಪೆಯನ್ನು ಎತ್ತಿದರೆ ಕ್ಷಮೆಯಾಯಿತೆಂದು ತಿಳಿಯತಕ್ಕದ್ದು. ೨೦೦೨ರ ಜೂನ್ ತಿಂಗಳಲ್ಲಿ, ಸ್ವಾತಂತ್ರ್ಯದ ೪೦ನೇ ವರುಷದ ಉತ್ಸವದ ಕಾಲದಲ್ಲಿ, ನ್ಯೂಜಿಲೆಂಡಿನ ಪ್ರಧಾನಮಂತ್ರಿ ಹೆಲೆನ್ ಕ್ಲಾರ್ಕ್ ಎಂಬವರು ಆಪಿಯಾಕ್ಕೆ ಬಂದು ೧೯೧೮ರ ಹಡಗಿನ ವಿಷಯದಲ್ಲಿಯೂ ೧೯೨೯ರ ಗುಂಡಿನ ವಿಷಯದಲ್ಲಿಯೂ ಕ್ಷಮೆಯನ್ನು ಕೇಳಿಕೊಂಡರು. ಹಬ್ಬದ ದಿನವು ಹಳೇ ವೈರವನ್ನು ನೆನಪಿಗೆ ತರುವದೂ ಉಂಟು, ತೀರಿಸುವದೂ ಉಂಟು. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಗಡಿಯ ಕಲ್ಲಿಗಾಗಿ ವರುಷಗಟ್ಟಳೆ ಮಾತುಬಿಟ್ಟು, ಹಬ್ಬದ ದಿನ ಒಂದೇ ದೇವಾಲಯದಲ್ಲಿ ಎರಡು ಮೂಲೆಗಳಲ್ಲಿ ಕೂತುಕೊಳ್ಳುವದಾದರೆ, ಯಾರು ಮೊದಲು ಎದ್ದು ಹೋಗಿ ತಗ್ಗಬೇಕೆಂಬದನ್ನು ಒಬ್ಬೊಬ್ಬನು ತನ್ನನ್ನು ತಾನೇ ಕೇಳಿಕೊಳ್ಳಲಿ.

೬. ಅತಿಥಿಯು ತಿಳಿಯಬೇಕಾದ ಮರ್ಯಾದೆಗಳು

ಸಮೋವಾದ ಹಳೇ ರೀತಿಯ ಮನೆಗೆ ಗೋಡೆಗಳಿಲ್ಲ. ಕಂಬಗಳ ಮೇಲೆ ಮಾಡು ಮಾತ್ರ. ಆದರೂ ಗೋಡೆಯಿಲ್ಲವೆಂದು ಮರ್ಯಾದೆಯಿಲ್ಲದೆ ನುಗ್ಗಬಾರದು. ಕೆರಗಳನ್ನು ಹೊರಗೆ ಬಿಟ್ಟು, ಕರೆದ ಮೇಲೆ ಒಳಗೆ ಹೋಗಿ, ಚಾಪೆಯ ಮೇಲೆ ಕಾಲುಮಡಿಸಿ ಕೂತುಕೊಳ್ಳತಕ್ಕದ್ದು. ಯಾರ ಕಡೆಗಾದರೂ ಕಾಲುಚಾಚುವದು ಅವಮಾನ. ಕೂತವರ ಮುಂದೆ ಹಾದುಹೋಗಬೇಕಾದರೆ ಬೊಗ್ಗಿಕೊಂಡು "ತುಲೋವು", ಅಂದರೆ ಅಪ್ಪಣೆಯಾಗಲಿ, ಎನ್ನಬೇಕು. ದಾರಿಯಲ್ಲಿ ನಡೆಯುತ್ತಾ ತಿನ್ನುವದನ್ನು ಅಲ್ಲಿಯವರು ಮೆಚ್ಚುವದಿಲ್ಲ. ಹಳ್ಳಿಯಲ್ಲಿ ಹೆಂಗಸರೂ ಗಂಡಸರೂ ಮೈಮುಚ್ಚುವ ಉಡುಪನ್ನು ಧರಿಸಬೇಕು. ಸಮುದ್ರದ ದಡವೂ ಹಳ್ಳಿಗೆ ಸೇರಿದ್ದಾದ್ದರಿಂದ ಹೊಕ್ಕುವ ಮುಂಚೆ ಅಪ್ಪಣೆ ಕೇಳತಕ್ಕದ್ದು. ದೇವಾಲಯಕ್ಕೆ ಪರದೇಶಸ್ಥನು ಬಂದರೆ ಸಂತೋಷದಿಂದ ಅಂಗೀಕರಿಸುವರು. ಆದರೆ ಶುಭ್ರವಾದ ಬಟ್ಟೆಯಲ್ಲಿ ಬಂದು ಆರಾಧನೆ ಮುಗಿಯುವ ವರೆಗೆ ಇರಬೇಕು.

ದೊಡ್ಡ ಸಂದರ್ಭಗಳಲ್ಲಿ ಮತಾಯಿಗಳೆಂಬ ಕುಟುಂಬದ ಮುಖಂಡರು ಕೂಡಿ ಆವ ಎಂಬ ಪಾನವನ್ನು ಕುಡಿಯುವ ಮರ್ಯಾದೆಯಿದೆ. ಅದು ಒಂದು ಗಿಡದ ಬೇರಿನ ರಸ; ಹುಳಿಸಿದ ಮದ್ಯವಲ್ಲ. ಅದನ್ನು ಅನೇಕ ಕಾಲುಗಳುಳ್ಳ ಮರದ ಬೋಗುಣಿಯಲ್ಲಿ ಕಲಸಿ, ತೆಂಗಿನ ಕರಟದ ಬಟ್ಟಲಿನಲ್ಲಿ ಅವರವರ ಸ್ಥಾನದ ಕ್ರಮದಿಂದ ಕೊಡುವರು. ಅತಿಥಿಗೆ ಕೊಟ್ಟರೆ ಅವನು ಕೆಲವು ಹನಿಗಳನ್ನು ನೆಲಕ್ಕೆ ಬಿಟ್ಟು "ಮನುಯಿಯಾ", ಅಂದರೆ ಕ್ಷೇಮವಾಗಲಿ, ಎಂದು ಹೇಳಿ ಕುಡಿಯುವದು ವಾಡಿಕೆ. ಬಾಯಿಪಾಂಡಿತ್ಯವುಳ್ಳ ಮುಖಂಡನು ಕೈಯಲ್ಲಿ ಕೋಲನ್ನೂ ನಾರಿನ ಚಾಮರವನ್ನೂ ಹಿಡಿದು ಬಂದವರನ್ನು ಸ್ವಾಗತಿಸಿ ಮಾತಾಡುವನು.

೭. ಕೊಡುವದರ ಸಂತೋಷವೂ ಭಾರವೂ

ಸಮೋವಾದವರು ಕೊಡುವದರಲ್ಲಿ ಹಿಂದೆಗೆಯುವವರಲ್ಲ. ಮದುವೆ, ಮರಣ, ಮುಖಂಡನ ಪಟ್ಟ, ದೇವಾಲಯದ ಪ್ರತಿಷ್ಠೆ ಇವುಗಳಲ್ಲಿ ಕುಟುಂಬದವರೆಲ್ಲರೂ ಹಣವನ್ನೂ ಆಹಾರವನ್ನೂ ನಯವಾದ ಚಾಪೆಗಳನ್ನೂ ತಂದು ಕೊಡುವರು. ಇದಕ್ಕೆ ಫಾಲಾವೆಲಾವೆ ಎಂದು ಹೆಸರು. ಕಷ್ಟಕಾಲದಲ್ಲಿ ಒಬ್ಬನೂ ಒಂಟಿಯಾಗಿ ಬೀಳದಂತೆ ಇದು ಹಿಡಿದು ನಿಲ್ಲಿಸುತ್ತದೆ. ಸಭಾಪಾಲಕನನ್ನು ಹಳ್ಳಿಯವರೇ ಪೋಷಿಸುವರು. ದೇವಾಲಯಗಳನ್ನು ತಮ್ಮ ಕೈಯಿಂದಲೇ ಕಟ್ಟಿಕೊಂಡಿದ್ದಾರೆ. ಈ ವಿಷಯದಲ್ಲಿ ಅವರು ನಮಗೆ ಮಾದರಿಯಾಗಿದ್ದಾರೆ.

ಆದರೆ ಈ ಬಟ್ಟಲಿನಲ್ಲಿ ಕಹಿಯೂ ಉಂಟು. ಅನೇಕ ಸಭೆಗಳಲ್ಲಿ ಯಾವ ಕುಟುಂಬದವರು ಎಷ್ಟು ಕೊಟ್ಟರೆಂದು ಎಲ್ಲರ ಮುಂದೆ ಗಟ್ಟಿಯಾಗಿ ಓದುವ ವಾಡಿಕೆಯಿದೆ. ಆಗ ಬಡವನು ನಾಚಿಕೆಗೆ ಅಂಜಿ ಸಾಲತೆಗೆದು ಕೊಡುವನು. ಪರದೇಶದಲ್ಲಿ ಕೆಲಸಮಾಡುವ ಮಗನೋ ಮಗಳೋ ತಮ್ಮ ಹೊಟ್ಟೆಕಟ್ಟಿ ಹಣಕಳುಹಿಸಬೇಕಾಗುವದು. ಸಮೋವಾದವರೇ ಈ ವಿಷಯವನ್ನು ಕುರಿತು ತಮ್ಮೊಳಗೆ ಚರ್ಚಿಸುತ್ತಾರೆ. ಕರ್ತನು ಕಾಣಿಕೆಯ ಪೆಟ್ಟಿಗೆಯ ಎದುರಿಗೆ ಕೂತು ನೋಡಿದಾಗ ಐಶ್ವರ್ಯವಂತರ ಮೊತ್ತವನ್ನು ಹೊಗಳಲಿಲ್ಲ. ವಿಧವೆಯು ಹಾಕಿದ ಎರಡು ಕಾಸುಗಳನ್ನು ಹೊಗಳಿದನು. ಹಾಗಾದರೆ ಮೊತ್ತವನ್ನು ಕೂಗಿ ಹೇಳುವ ಸಭೆಯು ಯಾವದನ್ನು ಅಳೆಯುತ್ತದೆ?

ನಮ್ಮ ಸಭೆಗಳಲ್ಲಿಯೂ ಕಾಣಿಕೆಯ ಪಟ್ಟಿಯನ್ನು ಓದುವ ಸ್ಥಳಗಳುಂಟು. ಲೆಕ್ಕವು ಸರಿಯಾಗಿರಬೇಕು, ಬಚ್ಚಿಡಬಾರದು, ಇದು ನ್ಯಾಯವೇ. ಆದರೆ ಮದುವೆಯಲ್ಲಿ ನೆರೆಯವನಿಗಿಂತ ಹೆಚ್ಚು ಎಲೆ ಹಾಕಿಸಬೇಕೆಂದು, ಕ್ರಿಸ್ತಜನನದ ಹಬ್ಬಕ್ಕೆ ಎಲ್ಲರಿಗೂ ಹೊಸ ಬಟ್ಟೆ ಇಲ್ಲದಿದ್ದರೆ ಮಾನಹೋಯಿತೆಂದು, ಹೊಲವನ್ನು ಅಡವಿಟ್ಟು ಮಾಡಿದ ಹಬ್ಬದಲ್ಲಿ ಯಾರಿಗೆ ಸಂತೋಷ? ಹಬ್ಬವು ಒಂದು ದಿನ, ಬಡ್ಡಿಯು ವರುಷವೆಲ್ಲಾ. ಪ್ರತಿಯೊಬ್ಬನು ತನಗೆ ಕೊಡಲ್ಪಟ್ಟ ಆಶೀರ್ವಾದದ ಮೇರೆಗೆ ಕೊಡಲಿ ಎಂಬ ವಿಧಿಯು ಲೋಭಿಯನ್ನು ಎಚ್ಚರಿಸುವದಕ್ಕೂ ಇದೆ, ಬಡವನನ್ನು ಕಾಪಾಡುವದಕ್ಕೂ ಇದೆ. ತನಗೆ ಕೊಡಲ್ಪಡದಿರುವದನ್ನು ಸಾಲತಂದು ಕೊಡಬೇಕೆಂದು ದೇವರು ಎಲ್ಲಿಯೂ ಕೇಳಲಿಲ್ಲ.

೮. ಪಾಠದ ಸಾರ

ಮೊದಲನೇದಾಗಿ, ಪದ್ಧತಿಗಳ ವಿಷಯದಲ್ಲಿ ಫೌವೆಯಾನ ಆಲೋಚನೆಯನ್ನು ನೆನಸೋಣ. ಹೊಸದಾಗಿ ಸಭೆಗೆ ಸೇರಿದವರ ಹಾಡು, ಉಡುಪು, ಊಟಗಳನ್ನೆಲ್ಲಾ ಒಂದೇ ಸಾರಿ ಖಂಡಿಸುವದಕ್ಕಿಂತ ಅವರಿಗೆ ದೇವರ ವಾಕ್ಯವನ್ನು ತಾಳ್ಮೆಯಿಂದ ಕಲಿಸುವದು ಮೇಲು. ಎರಡನೇದಾಗಿ, ಪ್ರಾರ್ಥನೆಗೆ ಗಳಿಗೆಯನ್ನು ಬೇರ್ಪಡಿಸೋಣ. ಒಂದು ಊರೆಲ್ಲವೂ ದಿನಾಲು ಹತ್ತು ನಿಮಿಷ ಮೌನವಾಗಿರಬಹುದಾದರೆ ಒಂದು ಮನೆಯು ಇರಲಾರದೋ? ಮೂರನೇದಾಗಿ, ಹಬ್ಬದಲ್ಲಿ ಚಿಕ್ಕವರನ್ನು ಮೊದಲು ಕೂಡ್ರಿಸೋಣ; ಮಕ್ಕಳು ಮಾತ್ರವಲ್ಲ, ಮನೆಗೆ ಬಂದ ಸೊಸೆಯೂ, ಕೂಲಿಯವನೂ, ಯಾರೂ ಕರೆಯದ ಮುದುಕಿಯೂ ಚಿಕ್ಕವರ ಲೆಕ್ಕದಲ್ಲಿ ಇದ್ದಾರೆ. ನಾಲ್ಕನೇದಾಗಿ, ಹಬ್ಬದ ಮುಂಚೆ ವೈರವನ್ನು ತೀರಿಸಿಕೊಳ್ಳೋಣ. ಹಬ್ಬದ ತರುವಾಯ ಸಾಲವು ಉಳಿಯದಂತೆ ನೋಡಿಕೊಳ್ಳೋಣ.

ಭೂಮಿಯ ಮೇಲೆ ಮೊದಲು ಆದಿತ್ಯವಾರವನ್ನು ಕಾಣುವವರಲ್ಲಿ ಈಗ ಸಮೋವಾದವರು ಸೇರಿದ್ದಾರೆ. ನಾವು ಶನಿವಾರದ ಕೆಲಸವನ್ನು ಮುಗಿಸಿ ದೀಪವನ್ನು ಆರಿಸುವ ಹೊತ್ತಿಗೆ ಆ ದ್ವೀಪಗಳಲ್ಲಿ ಕಲ್ಲುಗಳು ಕಾಯುತ್ತಿರುತ್ತವೆ, ಆರಾಧನೆಗೆ ಜನರು ಸಿದ್ಧರಾಗುತ್ತಿರುತ್ತಾರೆ. ಅವರಿಗಾಗಿ ನಾವು ಪ್ರಾರ್ಥಿಸೋಣ. ಅವರಿಂದ ಆರಂಭವಾದ ಸ್ತೋತ್ರವು ನಮ್ಮ ಊರಿಗೂ ಬಂದು ಮುಂದಕ್ಕೆ ಸಾಗುವಂತೆ ಕರ್ತನು ಅನುಗ್ರಹಿಸಲಿ.

ಪಾಠದ ಪ್ರಶ್ನೆಗಳು

(೧) ಧರ್ಮೋಪದೇಶಕಾಂಡದ ೧೬ನೇ ಅಧ್ಯಾಯದ ಪ್ರಕಾರ ಹಬ್ಬದಲ್ಲಿ ಯಾರು ಯಾರು ಸಂತೋಷಪಡಬೇಕು? ಅವರಲ್ಲಿ ಯಾರು ನಿಮ್ಮ ಮನೆಯ ಪಂಕ್ತಿಯಲ್ಲಿ ಇಲ್ಲ?

(೨) ಫೌವೆಯಾ ಎಂಬವನು ಬೋಧಕರಿಗೆ ಕೊಟ್ಟ ಆಲೋಚನೆ ಏನು? ಅದು ಯಾಕೆ ಯುಕ್ತವಾದದ್ದು?

(೩) ಬಿಳೀ ಆದಿತ್ಯವಾರದ ಊಟದಲ್ಲಿ ಯಾವ ಕ್ರಮವು ಬದಲಾಗುತ್ತದೆ? ಮಾರ್ಕನ ೧೦ನೇ ಅಧ್ಯಾಯಕ್ಕೂ ಅದಕ್ಕೂ ಇರುವ ಸಂಬಂಧವೇನು?

(೪) ೨೦೧೯ರಲ್ಲಿ ಸಮೋವಾದ ಮಕ್ಕಳಿಗೆ ಬಂದ ಕೇಡಿಗೆ ಕಾರಣಗಳೇನು? ನಮ್ಮ ಊರಿನ ತಂದೆತಾಯಿಗಳು ಅದರಿಂದ ಏನು ಕಲಿಯಬೇಕು?

(೫) ಇಫೋಗಾ ಎಂದರೇನು? ನೀವು ಚಾಪೆಹೊದ್ದು ಕೂತುಕೊಳ್ಳಬೇಕಾದ ಮನೆಯೊಂದುಂಟೋ? ನಿಮ್ಮ ಮನೆಯ ಮುಂದೆ ಕೂತವನ ಚಾಪೆಯನ್ನು ಎತ್ತದೆ ಬಿಟ್ಟಿದ್ದೀರೋ?

(೬) ಕಾಣಿಕೆಯ ಲೆಕ್ಕವು ಶುದ್ಧವಾಗಿದ್ದು ಬಡವನಿಗೆ ನಾಚಿಕೆಯಾಗದಂತೆ ಸಭೆಯವರು ಏನು ಏರ್ಪಾಟು ಮಾಡಬಹುದು?